ವಿಷಕ್ಕೆ ಹುಣಸೆ ನೀರು ಮದ್ದಲ್ಲ

2018ರ ಡಿಸೆಂಬರ್ 14. ಚಾಮರಾಜನಗರ ಜಿಲ್ಲೆಯ ಹನೂರು ಸೀಮೆಯ ಸುಳ್ವಾಡಿ ಗ್ರಾಮ. ಅಲ್ಲಿಯ ಕಿಚ್‌ಗುತ್ ಮಾರಮ್ಮನ ಗುಡಿಯಲ್ಲಿ ಗೋಪುರಕ್ಕೆ ಶಂಕುಸ್ಥಾಪನೆ. ಪೂಜೆ ಮುಗಿಯಿತು, ಭಕ್ತರಿಗೆ ಪ್ರಸಾದ ಹಂಚಿದ್ದೂ ಆಯಿತು. ಸ್ವಲ್ಪ ಹೊತ್ತಿನಲ್ಲೇ ತಿಂದವರು ಒಬ್ಬೊಬ್ಬರಾಗಿ ವಾಂತಿ ಮಾಡಿಕೊಂಡು ಕುಸಿಯತೊಡಗಿದರು. ಪ್ರಸಾದದಲ್ಲಿ ಬೆರೆತಿದ್ದುದು ಮಾನೋಕ್ರೊಟೊಫಾಸ್ ಎಂಬ ಕೀಟನಾಶಕ. ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. 17 ಮಂದಿ ಉಳಿಯಲಿಲ್ಲ. ಅದು ಕಾಡಂಚಿನ ಊರು. ಕೃತಕ ಉಸಿರಾಟದ ಯಂತ್ರಗಳಿರುವ ಮೈಸೂರಿನ ದೊಡ್ಡ ಆಸ್ಪತ್ರೆಗಳು ಅಲ್ಲಿಗೆ ನೂರು ಕಿಲೋಮೀಟರಿಗೂ ಮೇಲ್ಪಟ್ಟ ದೂರದಲ್ಲಿವೆ.

ಅದಕ್ಕೂ ಐದು ವರ್ಷ ಹಿಂದೆ, 2013ರ ಜುಲೈ 16ರಂದು, ಬಿಹಾರದ ಸಾರನ್ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಸತ್ತರು. ಅಲ್ಲಿಯೂ ಅಡುಗೆ ಎಣ್ಣೆಯಲ್ಲಿ ಇದ್ದುದು ಇದೇ ಮಾನೋಕ್ರೊಟೊಫಾಸ್.

ಇಂಥ ದೊಡ್ಡ ದುರಂತಗಳು ಪತ್ರಿಕೆಯ ಮುಖಪುಟಕ್ಕೆ ಬರುತ್ತವೆ. ಆದರೆ ಹೊಲದಲ್ಲಿ ಔಷಧ ಹೊಡೆಯುತ್ತಾ ತಲೆಸುತ್ತಿ ಬಿದ್ದ ಕೂಲಿಯಾಳು, ಕೂಲ್ ಡ್ರಿಂಕ್ಸ್ ಬಾಟಲಿಯಲ್ಲಿದ್ದ ಥಿನ್ನರ್ ಕುಡಿದ ಮೂರು ವರ್ಷದ ಮಗು, ಬೇಸರದ ಒಂದು ಗಳಿಗೆಯಲ್ಲಿ ವಿಷದ ಡಬ್ಬಿಗೆ ಕೈ ಹಾಕಿದ ಹದಿಹರೆಯದ ಹುಡುಗಿ, ಇವರು ಒಳಪುಟದ ನಾಲ್ಕು ಸಾಲಿಗೂ ಬರುವುದಿಲ್ಲ. ಇವರೆಲ್ಲರ ವಿಷಯದಲ್ಲೂ ಒಂದು ಮಾತು ಸಮಾನ. ವಿಷ ಒಳಸೇರಿದ ಗಳಿಗೆಗೂ ಆಸ್ಪತ್ರೆಯ ಬಾಗಿಲಿಗೂ ನಡುವೆ ಅರ್ಧ ಗಂಟೆಯೋ ಒಂದು ಗಂಟೆಯೋ ಇರುತ್ತದೆ. ಆ ಹೊತ್ತಿನಲ್ಲಿ ಪಕ್ಕದಲ್ಲಿ ಡಾಕ್ಟರು ಇರುವುದಿಲ್ಲ. ಮನೆಯವರು, ನೆರೆಯವರು, ದಾರಿಯಲ್ಲಿ ಸಿಕ್ಕ ಆಟೋದವನು ಇರುತ್ತಾರೆ. ಅವರು ಮಾಡುವ ಕೆಲಸದಿಂದ ಜೀವ ಉಳಿಯಬಹುದು, ಅವರು ಮಾಡುವ ಉಪಚಾರದಿಂದಲೇ ಜೀವ ಹೋಗಲೂಬಹುದು.

ನಮ್ಮ ಕಡೆ ಆ ಅರ್ಧ ಗಂಟೆಯಲ್ಲಿ ಏನು ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವುದೇ. ಒಬ್ಬರು ಹುಣಸೆ ನೀರು ಕದಡುತ್ತಾರೆ, ಇನ್ನೊಬ್ಬರು ಉಪ್ಪು ನೀರು ತರುತ್ತಾರೆ. ಸೋಪಿನ ನೀರು, ಸಗಣಿ ನೀರು, ಹಸಿ ಮೊಟ್ಟೆ, ಹಾಲು, ತುಪ್ಪ, ಅವರವರಿಗೆ ತೋಚಿದ್ದೆಲ್ಲ ಬರುತ್ತದೆ. ನಾಲ್ಕು ಜನ ಹಿಡಿದುಕೊಂಡು ಬಾಯಿಗೆ ಹೊಯ್ಯುತ್ತಾರೆ, ಗಂಟಲಿಗೆ ಬೆರಳು ಹಾಕುತ್ತಾರೆ. ಇದರ ಹಿಂದೆ ಇರುವುದು ಪ್ರೀತಿಯೇ ಹೊರತು ಬೇರೇನೂ ಅಲ್ಲ. "ಒಳಗೆ ಹೋದದ್ದು ಹೊರಗೆ ಬಂದರೆ ಸರಿ" ಎಂಬ ತರ್ಕವೂ ಮೇಲುನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೆ ನಮ್ಮ ದೇಹದ ರಚನೆ ಈ ತರ್ಕಕ್ಕೆ ಒಪ್ಪುವುದಿಲ್ಲ.

ವಾಂತಿ ಏಕೆ ಬೇಡ?

ಗಂಟಲಿನಲ್ಲಿ ಅನ್ನದ ದಾರಿ ಮತ್ತು ಉಸಿರಿನ ದಾರಿ ಒಂದರ ಪಕ್ಕ ಒಂದು ಇವೆ. ನಾವು ನುಂಗುವಾಗ ಉಸಿರಿನ ದಾರಿಗೆ ತಾನಾಗಿ ಮುಚ್ಚಳ ಬೀಳುತ್ತದೆ. ಎಚ್ಚರವಿದ್ದವರಲ್ಲಿ ಈ ಕಾವಲು ಚುರುಕು. ಆದರೆ ವಿಷದಿಂದ ಮಂಪರು ಕವಿದವರಲ್ಲಿ, ಸೆಳವು ಬರುತ್ತಿರುವವರಲ್ಲಿ ಈ ಕಾವಲು ಸಡಿಲವಾಗುತ್ತದೆ. ಆಗ ಬಲವಂತದಿಂದ ಕುಡಿಸಿದ ನೀರೂ ಹೊಟ್ಟೆಯಿಂದ ಎದ್ದ ವಾಂತಿಯೂ ನೇರವಾಗಿ ಶ್ವಾಸಕೋಶಕ್ಕೆ ಇಳಿಯುತ್ತವೆ. ವಿಷದ ಜೊತೆಗೆ ಉಸಿರು ಕಟ್ಟುವ ಇನ್ನೊಂದು ಆಪತ್ತು ಸೇರಿಕೊಳ್ಳುತ್ತದೆ.

ಎರಡನೆಯದು ಸುಡುವ ವಸ್ತುಗಳ ಮಾತು. ಶೌಚಾಲಯ ತೊಳೆಯುವ ಆಮ್ಲ, ಬ್ಯಾಟರಿಯ ಆಮ್ಲ, ಕಾಸ್ಟಿಕ್ ಸೋಡಾ ಇವು ಇಳಿಯುವಾಗ ಅನ್ನನಾಳವನ್ನು ಒಮ್ಮೆ ಸುಟ್ಟಿರುತ್ತವೆ. ವಾಂತಿ ಮಾಡಿಸಿದರೆ ಅದೇ ದಾರಿಯಲ್ಲಿ ಮೇಲೆ ಬರುತ್ತಾ ಎರಡನೆಯ ಸಲ ಸುಡುತ್ತವೆ. "ಆಮ್ಲಕ್ಕೆ ಸುಣ್ಣದ ತಿಳಿ, ಕ್ಷಾರಕ್ಕೆ ನಿಂಬೆ ಹುಳಿ ಕೊಟ್ಟರೆ ಸರಿಹೋಗುವುದಿಲ್ಲವೇ?" ಎಂದು ನನ್ನ ವಿದ್ಯಾರ್ಥಿಗಳು ಕೇಳುವುದುಂಟು. ಪುಸ್ತಕದಲ್ಲಿ ತಟಸ್ಥೀಕರಣ ಓದಿದ ಯಾರಿಗಾದರೂ ಬರುವ ಪ್ರಶ್ನೆಯೇ ಅದು. ಉತ್ತರವಾಗಿ ನಾನು ಪ್ರನಾಳದಲ್ಲಿ ಆಮ್ಲಕ್ಕೆ ಕ್ಷಾರ ಬೆರೆಸಿ, ಹೊರಗಿನಿಂದ ಮುಟ್ಟಿ ನೋಡಿ ಎನ್ನುತ್ತೇನೆ. ಗಾಜು ಬಿಸಿಯಾಗಿರುತ್ತದೆ. ಆ ಶಾಖವನ್ನು ಗಾಜು ತಡೆಯುತ್ತದೆ, ಈಗಾಗಲೇ ಸುಟ್ಟಿರುವ ಅನ್ನನಾಳ ತಡೆಯುವುದಿಲ್ಲ. ಇಂಥವರಿಗೆ ಎಚ್ಚರವಿದ್ದರೆ ಬಾಯಿ ಮುಕ್ಕಳಿಸಿ ಉಗಿಯಲು ಹೇಳಿ ಆಸ್ಪತ್ರೆಗೆ ಹೊರಡಿಸುವುದೇ ಸರಿ.

ಮೂರನೆಯದು ಸೀಮೆಎಣ್ಣೆಯ ವರ್ಗ. ಸೀಮೆಎಣ್ಣೆ ಈಗ ಮನೆಗಳಲ್ಲಿ ಅಪರೂಪವಾಗಿದೆ, ನಿಜ. ಆದರೆ ಪೆಟ್ರೋಲು, ಥಿನ್ನರ್, ಟರ್ಪೆಂಟೈನ್ ಅದರ ಅಣ್ಣತಮ್ಮಂದಿರೇ. ದೀಪದ ಬತ್ತಿಯಲ್ಲಿ ಸೀಮೆಎಣ್ಣೆ ಸರಸರನೆ ಏರುವುದನ್ನು ನೋಡಿದ್ದೀರಷ್ಟೆ? ಅಷ್ಟು ತೆಳುವಾದ ದ್ರವ ಅದು. ಹೊಟ್ಟೆಯಲ್ಲಿದ್ದಾಗ ಅದು ಮಾಡುವ ಕೇಡಿಗಿಂತ, ವಾಂತಿಯಾಗುವಾಗ ಒಂದೆರಡು ಹನಿ ಶ್ವಾಸಕೋಶಕ್ಕೆ ಹರಿದು ಮಾಡುವ ಕೇಡು ದೊಡ್ಡದು. ಅದರಿಂದ ಉಂಟಾಗುವ ನ್ಯುಮೋನಿಯಾ ಮಗುವಿನ ಜೀವಕ್ಕೇ ಎರವಾಗಬಲ್ಲದು.

ಇನ್ನು ಉಪ್ಪು ನೀರು. ಅದನ್ನು ಲೋಟಗಟ್ಟಲೆ ಕುಡಿಸಿದರೆ ರಕ್ತದಲ್ಲಿ ಸೋಡಿಯಂ ಏರಿ ಮಿದುಳಿಗೇ ಪೆಟ್ಟು ಬೀಳಬಹುದು. ಮಕ್ಕಳಿಗಂತೂ ಅದೇ ಇನ್ನೊಂದು ವಿಷ. ಹಾಲು, ತುಪ್ಪ ವಿಷವನ್ನು "ಮುರಿಯುತ್ತವೆ" ಎಂಬ ನಂಬಿಕೆಯೂ ಸರಿಯಲ್ಲ. ಕರ್ಪೂರದಂಥ ವಸ್ತುಗಳು ಜಿಡ್ಡಿನಲ್ಲಿ ಕರಗುತ್ತವೆ. ದೇವರ ಮನೆಯ ಕರ್ಪೂರವನ್ನು ಕಲ್ಲುಸಕ್ಕರೆಯೆಂದು ತಿಂದ ಮಗುವಿಗೆ ಹಾಲು ಕುಡಿಸಿದರೆ ಅದು ರಕ್ತ ಸೇರುವುದಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ.

ವೈದ್ಯಶಾಸ್ತ್ರವೂ ಒಂದು ಕಾಲದಲ್ಲಿ ವಾಂತಿಯನ್ನು ನಂಬಿತ್ತು. ಅಡಿಕೆ ತೋಟದ ಬೋರ್ಡೋ ದ್ರಾವಣಕ್ಕೆ ಬಳಸುವ ಮೈಲುತುತ್ತವನ್ನೇ ವಾಂತಿ ಬರಿಸಲು ಕೊಡುತ್ತಿದ್ದ ಕಾಲವಿತ್ತು. ಅದೇ ವಿಷವೆಂದು ತಿಳಿದ ಮೇಲೆ ಬಿಟ್ಟರು. ಅಮೆರಿಕದಲ್ಲಿ ಮಕ್ಕಳಿರುವ ಮನೆಗಳಲ್ಲಿ ಇಪೆಕ್ಯಾಕ್ ಎಂಬ ವಾಂತಿ ಬರಿಸುವ ಸಿರಪ್ಪು ಇಟ್ಟುಕೊಳ್ಳುವ ಪದ್ಧತಿಯಿತ್ತು. ಅದರಿಂದ ರೋಗಿಗೆ ಲಾಭವಾಗುವುದು ಕಂಡುಬಾರದ ಕಾರಣ ಅಲ್ಲಿಯ ಮಕ್ಕಳ ವೈದ್ಯರ ಸಂಸ್ಥೆಯೇ 2003ರಲ್ಲಿ ಮನೆಗಳಲ್ಲಿ ಇದನ್ನು ಬಳಸುವುದು ಬೇಡವೆಂದು ಹೇಳಿತು. ವೈದ್ಯರೇ ಕೈಬಿಟ್ಟ ಕೆಲಸವನ್ನು ನಾವು ಹುಣಸೆ ನೀರಿನಿಂದ ಮುಂದುವರಿಸುವುದು ಬೇಡ. ವಾಂತಿ ತಾನಾಗಿ ಬಂದರೆ ಬರಲಿ. ತಡೆಯಬೇಕಾಗಿಲ್ಲ, ಬರಿಸಬೇಕಾಗಿಯೂ ಇಲ್ಲ.

ನಿಲ್ಲದ ಮೋಟರು

ಹಾಗಾದರೆ ಕೀಟನಾಶಕ ದೇಹದಲ್ಲಿ ಮಾಡುವುದೇನು? ನಮ್ಮ ಕಡೆ ಹೆಚ್ಚಾಗಿ ಕಾಣಸಿಗುವ ಮಾನೋಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್ ಮುಂತಾದುವು ಆರ್ಗನೊಫಾಸ್ಫೇಟ್ ಎಂಬ ಗುಂಪಿಗೆ ಸೇರಿದವು. ಪಂಪ್‌ಸೆಟ್ಟಿನ ಸ್ಟಾರ್ಟರನ್ನು ನೆನಪಿಸಿಕೊಳ್ಳಿ. ಹಸಿರು ಗುಂಡಿ ಒತ್ತಿದರೆ ಮೋಟರು ಚಾಲೂ, ಕೆಂಪು ಗುಂಡಿ ಒತ್ತಿದರೆ ಬಂದ್. ನರದಿಂದ ಸ್ನಾಯುವಿಗೆ, ಗ್ರಂಥಿಗೆ ಅಪ್ಪಣೆ ಹೋಗುವುದು ಅಸಿಟೈಲ್ ಕೋಲಿನ್ ಎಂಬ ರಾಸಾಯನಿಕದ ಮೂಲಕ. ಅದು ಹಸಿರು ಗುಂಡಿ. ಕೆಲಸವಾದೊಡನೆ ಅದನ್ನು ಒಡೆದುಹಾಕುವ ಕಿಣ್ವವೇ ಕೆಂಪು ಗುಂಡಿ. ಈ ವಿಷ ಆ ಕೆಂಪು ಗುಂಡಿಯನ್ನೇ ಕೆಡಿಸುತ್ತದೆ. ಮೋಟರು ನಿಲ್ಲುವುದೇ ಇಲ್ಲ. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈಯೆಲ್ಲ ಬೆವರು, ವಾಂತಿ, ಭೇದಿ. ಕಣ್ಣಿನ ಪಾಪೆ ಗುಂಡುಸೂಜಿಯ ತಲೆಯಷ್ಟು ಕಿರಿದಾಗುತ್ತದೆ. ಸ್ನಾಯುಗಳು ಅದುರಿ ಅದುರಿ ಕೊನೆಗೆ ಸೋಲುತ್ತವೆ. ಶ್ವಾಸಕೋಶದಲ್ಲಿ ನೀರು ತುಂಬಿ, ಉಸಿರೆಳೆಯುವ ಸ್ನಾಯುಗಳು ಸೋತಾಗ ಸಾವು ಬರುತ್ತದೆ.

ಇದಕ್ಕೆ ಮದ್ದಿದೆ. ಅದು ಅಟ್ರೋಪಿನ್. ಇದರ ಸೋಜಿಗವೆಂದರೆ ನಮ್ಮ ಬೇಲಿಯ ಉಮ್ಮತ್ತಿಯಲ್ಲಿರುವ ವಿಷವೂ ಇದೇ ಜಾತಿಯದು. ಉಮ್ಮತ್ತಿ ಬೀಜ ತಿಂದವರ ಬಾಯಿ ಒಣಗುತ್ತದೆ, ಪಾಪೆ ಹಿಗ್ಗುತ್ತದೆ. ಎಂದರೆ ಕೀಟನಾಶಕ ಮಾಡುವುದಕ್ಕೆ ತದ್ವಿರುದ್ಧ. ಒಂದರ ವಿಷ ಇನ್ನೊಂದರ ಮದ್ದು! ಹಾಗೆಂದು ಯಾರೂ ಉಮ್ಮತ್ತಿ ಅರೆಯಲು ಹೊರಡಬಾರದು. ಆಸ್ಪತ್ರೆಯಲ್ಲಿ ಅಟ್ರೋಪಿನ್ನನ್ನು ಎದೆಯ ಸದ್ದು, ನಾಡಿ ನೋಡುತ್ತಾ ಅಳೆದು ಅಳೆದು ಕೊಡುತ್ತಾರೆ. ಅಳತೆ ತಪ್ಪಿದ ಮದ್ದೂ ವಿಷವೇ ಎಂಬುದನ್ನು 16ನೇ ಶತಮಾನದಲ್ಲೇ ಪ್ಯಾರಾಸೆಲ್ಸಸ್ ಎಂಬ ಯುರೋಪಿನ ವೈದ್ಯ ಹೇಳಿದ್ದ.

ಇದರಿಂದ ನಾವು ತಿಳಿಯಬೇಕಾದ್ದು ಇಷ್ಟು. ಹೊಟ್ಟೆಯ ವಿಷ ತೆಗೆಯುವುದು ನಮ್ಮ ಕೆಲಸವಲ್ಲ. ಮದ್ದು ಇರುವ ಜಾಗ ಮುಟ್ಟುವ ತನಕ ಉಸಿರಿನ ದಾರಿ ಮುಚ್ಚದಂತೆ ಕಾಯುವುದು ನಮ್ಮ ಕೆಲಸ. ರೋಗಿಯನ್ನು ಅಂಗಾತ ಮಲಗಿಸಬಾರದು, ಎಡಮಗ್ಗುಲಿಗೆ ಮಲಗಿಸಬೇಕು. ಮುಖ ತುಸು ಕೆಳಕ್ಕೆ ಬಾಗಿರಲಿ. ಜೊಲ್ಲು, ವಾಂತಿ ಹೊರಕ್ಕೆ ಹರಿದುಹೋಗಲಿ. ಬಾಯಲ್ಲಿದ್ದುದನ್ನು ಬಟ್ಟೆಯಿಂದ ಒರೆಸಿ. ಜೀಪಿನಲ್ಲೋ ಆಟೋದಲ್ಲೋ ಒಯ್ಯುವಾಗಲೂ ಇದೇ ಭಂಗಿ. ಬೈಕಿನ ನಡುವೆ ಕೂರಿಸಿಕೊಂಡು ಹೋಗುವಾಗ ತಲೆ ಹಿಂದಕ್ಕೆ ಜೋತುಬಿದ್ದು ಉಸಿರು ಕಟ್ಟುವ ಅಪಾಯವಿದೆ ಎಂಬುದನ್ನು ಮರೆಯಬಾರದು. ಉಸಿರು, ನಾಡಿ ಎರಡೂ ನಿಂತಂತೆ ಕಂಡರೆ ಎದೆಯ ನಡುವೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲದಂತೆ ಬಲವಾಗಿ ಒತ್ತುತ್ತಿರಬೇಕು. ವಿಷ ಸೇವಿಸಿದವರಿಗೆ ಬಾಯಿಗೆ ಬಾಯಿಟ್ಟು ಉಸಿರು ಕೊಡುವುದು ಬೇಡ. ಆ ವಿಷ ನಿಮಗೂ ತಗಲೀತು.

ಚರ್ಮದ ದಾರಿ

ವಿಷ ಬಾಯಿಂದಲೇ ಹೋಗಬೇಕೆಂದಿಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿ ಹೊಲಕ್ಕೆ ಔಷಧ ಹೊಡೆದ 20ಕ್ಕೂ ಹೆಚ್ಚು ಮಂದಿ ಸತ್ತರು. ಅವರಾರೂ ವಿಷ ಕುಡಿದವರಲ್ಲ. ಆಳೆತ್ತರ ಬೆಳೆದ ಗಿಡಗಳ ನಡುವೆ ಮೈಮೇಲೆ ಬಿದ್ದ, ಉಸಿರಿನಲ್ಲಿ ಸೇರಿದ ತುಂತುರೇ ಸಾಕಾಯಿತು. ನಮ್ಮಲ್ಲಿ ಕೀಟನಾಶಕಕ್ಕೆ "ಔಷಧಿ" ಎಂದು, ಉತ್ತರ ಕರ್ನಾಟಕದಲ್ಲಿ "ಎಣ್ಣಿ" ಎಂದು ಹೆಸರು. ಹೆಸರು ಹಿತವಾಗಿರುವುದರಿಂದಲೋ ಏನೋ, ಬರಿಗೈಯಲ್ಲಿ ಕಲಸುವುದು, ಕಟ್ಟಿಕೊಂಡ ನಾಜಲ್ಲನ್ನು ಬಾಯಲ್ಲಿ ಊದುವುದು ನಮಗೆ ಅಪಾಯವೆಂದೇ ತೋರುವುದಿಲ್ಲ.

ಔಷಧ ಹೊಡೆಯುವವರಿಗೆ ತಲೆನೋವು, ಕಣ್ಣು ಮಂಜು, ಅತಿಯಾದ ಬೆವರು, ಓಕರಿಕೆ ಕಂಡರೆ "ಬಿಸಿಲಿಗೆ ಹಾಗಾಗಿದೆ" ಎಂದು ನೆರಳಲ್ಲಿ ಕೂರಿಸಿ ಸುಮ್ಮನಾಗಬಾರದು. ಮೈಮೇಲಿನ ಬಟ್ಟೆಯನ್ನೆಲ್ಲ ಕೂಡಲೇ ಬಿಚ್ಚಿಸಬೇಕು. ಅಂಗಿಯನ್ನು ತಲೆಯ ಮೇಲಿಂದ ಎಳೆಯುವ ಬದಲು ಕತ್ತರಿಸಿದರೆ ಮುಖಕ್ಕೆ ತಾಗದು. ಸೋಪು ಹಚ್ಚಿ ಧಾರಾಳ ನೀರಿನಲ್ಲಿ ತೊಳೆಯಬೇಕು; ಕೂದಲು, ಕಿವಿಯ ಹಿಂಬದಿ, ಕಂಕುಳು, ಉಗುರಿನ ಸಂದಿ ಬಿಡಬಾರದು. ತೊಳೆಯುವವರು ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಹಾಕಿಕೊಳ್ಳಬೇಕು. ಚರ್ಮದ ಚಪ್ಪಲಿ, ಬೆಲ್ಟು ವಿಷವನ್ನು ಹೀರಿಕೊಂಡಿರುತ್ತವೆ. ಅವನ್ನು ಮತ್ತೆ ತೊಡಬಾರದು.

ಕಣ್ಣಿನ ಮಾತು ಇನ್ನೂ ಸೂಕ್ಷ್ಮ. ಎಲೆಯಡಿಕೆಯ ಸುಣ್ಣದ ಪೊಟ್ಟಣ ಹಿಸುಕಿ ಮಕ್ಕಳ ಕಣ್ಣಿಗೆ ಸುಣ್ಣ ಸಿಡಿಯುವುದುಂಟು. ಕ್ಷಾರ ಆಮ್ಲಕ್ಕಿಂತ ಆಳಕ್ಕೆ ಇಳಿಯುತ್ತದೆ, ಕಣ್ಣನ್ನೇ ಕಳೆಯಬಲ್ಲದು. ತುಪ್ಪ, ಎದೆಹಾಲು, ಎಣ್ಣೆ ಯಾವುದನ್ನೂ ಬಿಡಬಾರದು. ರೆಪ್ಪೆ ಅಗಲಿಸಿ ಹಿಡಿದು ಕನಿಷ್ಠ 15ರಿಂದ 20 ನಿಮಿಷ ಶುದ್ಧ ನೀರಿನ ಧಾರೆ ಬಿಡಬೇಕು, ಆಮೇಲೆ ಆಸ್ಪತ್ರೆ. ವಿಷದ ಪ್ರಕರಣಗಳಲ್ಲಿ "ಮೊದಲು ಓಡಿ" ಎನ್ನದೆ "ಮೊದಲು ತೊಳೆಯಿರಿ" ಎನ್ನುವ ಸಂದರ್ಭ ಇದು.

ಉಸಿರಿನ ವಿಷ

ಹಳೆಯ ಕಾಲದಲ್ಲಿ ರಾಗಿಯನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುತ್ತಿದ್ದರು. ಕಾಳು ಕೂಡ ಉಸಿರಾಡುತ್ತದೆ. ಮುಚ್ಚಿದ ಹಗೇವಿನಲ್ಲಿ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈ ಆಕ್ಸೈಡ್ ತುಂಬಿರುತ್ತದೆ. ತಿಳಿದ ಹಿರಿಯರು ಬಾಯಿ ತೆರೆದು ಸಾಕಷ್ಟು ಹೊತ್ತು ಗಾಳಿಗೆ ಬಿಟ್ಟು, ದೀಪ ಇಳಿಬಿಟ್ಟು ನೋಡಿ ಆಮೇಲೆ ಇಳಿಯುತ್ತಿದ್ದರು. ದೀಪ ಆರಿದರೆ ಇಳಿಯುವಂತಿಲ್ಲ. ಇಂದಿನ ಮಲದ ಗುಂಡಿ, ಗೋಬರ್ ಗ್ಯಾಸಿನ ಗುಂಡಿಗಳಿಗೆ ಈ ಪರೀಕ್ಷೆಯೂ ಸಲ್ಲದು. ಅಲ್ಲಿರುವ ಮೀಥೇನ್ ದೀಪಕ್ಕೆ ಹತ್ತಿಕೊಂಡು ಸಿಡಿಯುತ್ತದೆ. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಅಡಗಿಸುವುದರಿಂದ ಕೊಳೆತ ಮೊಟ್ಟೆಯ ವಾಸನೆಯೂ ತಿಳಿಯುವುದಿಲ್ಲ. ಗುಂಡಿಗೆ ಇಳಿದ ಒಬ್ಬ ಬಿದ್ದನೆಂದು ಇನ್ನೊಬ್ಬ, ಅವನನ್ನು ಎತ್ತಲು ಮತ್ತೊಬ್ಬ ಇಳಿದು ಮೂವರೂ ಸತ್ತ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದುತ್ತೇವೆ. ಇಲ್ಲಿ ಧೈರ್ಯ ಕೆಲಸಕ್ಕೆ ಬಾರದು. ಉಸಿರಾಟದ ಸಲಕರಣೆಯುಳ್ಳ ಅಗ್ನಿಶಾಮಕ ದಳದವರನ್ನು ಕರೆಸಬೇಕು.

ಬಚ್ಚಲಿನ ಗ್ಯಾಸ್ ಗೀಸರು, ಚಳಿಗೆ ಮುಚ್ಚಿದ ಕೋಣೆಯಲ್ಲಿಟ್ಟ ಇದ್ದಿಲ ಒಲೆ ಹೊರಬಿಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಇದನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅಪ್ಪಿಕೊಳ್ಳುತ್ತದೆ. ಬಾಗಿಲು ಕಿಟಕಿ ತೆರೆದು, ಒಲೆ ಆರಿಸಿ, ಬಿದ್ದವರನ್ನು ಬಯಲಿಗೆ ತರುವುದೇ ಮೊದಲ ಚಿಕಿತ್ಸೆ.

1984ರ ಡಿಸೆಂಬರ್ 2 ಮತ್ತು 3ರ ನಡುವಿನ ರಾತ್ರಿ ಭೋಪಾಲದ ಕೀಟನಾಶಕ ಕಾರ್ಖಾನೆಯಿಂದ ಮೀಥೈಲ್ ಐಸೊಸಯನೇಟ್ ಸೋರಿದಾಗ ಜನರಿಗೆ ಯಾವ ಕಡೆ ಓಡಬೇಕೆಂದು ಹೇಳುವವರಿರಲಿಲ್ಲ. ಅದು ಗಾಳಿಗಿಂತ ಭಾರವಾದ ಅನಿಲ, ನೆಲದ ಮಟ್ಟದಲ್ಲೇ ಹರಡುತ್ತದೆ. ನೀರು ಶುದ್ಧೀಕರಣ ಘಟಕಗಳಲ್ಲಿ ಬಳಸುವ ಕ್ಲೋರಿನ್ ಕೂಡ ಹಾಗೆಯೇ. ಇಂಥ ಸೋರಿಕೆಯಾದಾಗ ಗಾಳಿ ಬೀಸುವ ದಿಕ್ಕಿಗೇ ಓಡಿದರೆ ಅನಿಲವೂ ಜೊತೆಯಲ್ಲೇ ಬರುತ್ತದೆ. ಗಾಳಿಗೆ ಅಡ್ಡಲಾಗಿ, ತಗ್ಗಿನಿಂದ ಎತ್ತರಕ್ಕೆ ಸಾಗಬೇಕು.

ಡಬ್ಬಿಯನ್ನು ಎಸೆಯಬೇಡಿ

ಗಾಬರಿಯಲ್ಲಿ, ಕೆಲವೊಮ್ಮೆ ಮರ್ಯಾದೆಗೆ ಅಂಜಿ, ಮನೆಯವರು ವಿಷದ ಡಬ್ಬಿಯನ್ನು ಎಸೆದುಬಿಡುತ್ತಾರೆ. ವೈದ್ಯರಿಗೆ ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿಲ್ಲ. ಡಬ್ಬಿಯ ಮೇಲೆ ರಾಸಾಯನಿಕದ ಹೆಸರಿದೆ, ಕರಪತ್ರದಲ್ಲಿ ವಿಷದ ಲಕ್ಷಣ ಮತ್ತು ಪ್ರತಿವಿಷದ ಹೆಸರಿದೆ. ಅದರ ಮೇಲಿನ ತ್ರಿಕೋನದ ಬಣ್ಣ ವಿಷದ ತೀವ್ರತೆಯನ್ನು ಹೇಳುತ್ತದೆ. ಕೆಂಪು ಅತಿ ಘೋರ. ಆಮೇಲೆ ಇಳಿಕೆಯ ಕ್ರಮದಲ್ಲಿ ಹಳದಿ, ನೀಲಿ, ಹಸಿರು. ಹಸಿರು ಎಂದರೆ ನಿರಪಾಯ ಎಂದಲ್ಲ, ಉಳಿದವಕ್ಕಿಂತ ಕಡಿಮೆ ಎಂದಷ್ಟೆ. ಈ ಎಚ್ಚರಿಕೆ ನಮಗೆ ಸುಲಭದಲ್ಲಿ ದಕ್ಕಿದ್ದಲ್ಲ. 1958ರಲ್ಲಿ ಪ್ಯಾರಾಥಿಯಾನ್ ಸೋಂಕಿದ ಆಹಾರ ತಿಂದು ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ ನಡೆದ ವಿಚಾರಣೆಯ ಫಲವಾಗಿ 1968ರ ಕೀಟನಾಶಕ ಕಾಯಿದೆ ಬಂದಿತು. (ಹಳೆಯ ಕೆಲವು ಕರಪತ್ರಗಳಲ್ಲಿ "ವಾಂತಿ ಮಾಡಿಸಿ" ಎಂದಿದ್ದರೆ ಆ ನಿರ್ಧಾರವನ್ನು ವೈದ್ಯರಿಗೇ ಬಿಡಿ.)

ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಜೊತೆಗೆ ಒಯ್ಯಿರಿ. ಏನು, ಎಷ್ಟು, ಎಷ್ಟು ಗಂಟೆಗೆ, ಮನೆಯಲ್ಲಿ ಏನಾದರೂ ಕುಡಿಸಿದ್ದೀರಾ, ಈ ನಾಲ್ಕು ಪ್ರಶ್ನೆಗೆ ಮುಚ್ಚುಮರೆಯಿಲ್ಲದೆ ಉತ್ತರ ಕೊಡಿ. ರೋಗಿ ಚೆನ್ನಾಗಿಯೇ ಕಂಡರೂ ಕಾಯಬೇಡಿ. ಕೆಲವು ಇಲಿ ಪಾಷಾಣಗಳು ಮೊದಲ ದಿನ ಏನೂ ಆಗದಂತೆ ತೋರಿಸಿ, ಎರಡು ಮೂರು ದಿನದ ಬಳಿಕ ಪಿತ್ತಜನಕಾಂಗವನ್ನು ಕೆಡಿಸುತ್ತವೆ. ಜ್ವರದ ಪ್ಯಾರಸಿಟಮಾಲ್ ಮಾತ್ರೆ ಮಿತಿಮೀರಿದರೂ ಅಷ್ಟೆ. ಅದರ ಪ್ರತಿವಿಷ ಎಂಟು ಗಂಟೆಯೊಳಗೆ ಸಿಕ್ಕರೆ ಅತ್ಯುತ್ತಮ ಫಲ ಕೊಡುತ್ತದೆ.

ಕೇಸಿನ ಭಯ

ತಡವಾಗುವುದಕ್ಕೆ ರಸ್ತೆಯೊಂದೇ ಕಾರಣವಲ್ಲ. "ಪೊಲೀಸ್ ಕೇಸಾಗುತ್ತದೆ, ಊರಿಗೆಲ್ಲ ಗೊತ್ತಾಗುತ್ತದೆ" ಎಂಬ ಭಯದಲ್ಲಿ ಎಷ್ಟೋ ಮನೆಗಳಲ್ಲಿ ಗಂಟೆಗಳು ಕಳೆದುಹೋಗುತ್ತವೆ. ಓದುಗರು ಇದನ್ನು ಸ್ಪಷ್ಟವಾಗಿ ತಿಳಿದಿರಬೇಕು. ಪೊಲೀಸ್ ವಿಧಿಗಳಿಗಾಗಿ ಕಾಯದೆ ತುರ್ತು ಚಿಕಿತ್ಸೆ ಕೊಡುವುದು ಸರ್ಕಾರಿ, ಖಾಸಗಿ ಎನ್ನದೆ ಪ್ರತಿ ವೈದ್ಯರ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡಕ್ಕೆ ಸಿಕ್ಕವರೆಂದು ಭಾವಿಸಿ, ಅವರಿಗೆ ಆರೈಕೆ ಸಿಗಬೇಕು ಎನ್ನುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಮು ಇಲ್ಲ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವುದು ಒಂದು ನಿಯಮ. ಅದಕ್ಕೆ ಹೆದರಿ ಜೀವವನ್ನು ಪಣಕ್ಕಿಡಬಾರದು.

ಇನ್ನೊಂದು ಮಾತು. ಹಾದಿಯಲ್ಲಿ ಆ ಹುಡುಗನನ್ನು, ಆ ಹೆಣ್ಣುಮಗಳನ್ನು ಬೈಯಬೇಡಿ, ಕಾರಣ ಕೆದಕಬೇಡಿ. ಕೈ ಹಿಡಿದುಕೊಂಡು "ನಾವಿದ್ದೇವೆ" ಎನ್ನಿ. ಆ ಗಳಿಗೆ ಕಳೆದು ಬದುಕಿಕೊಂಡವರಲ್ಲಿ ಬಹುಮಂದಿ ಮತ್ತೆ ಎಂದಿನಂತೆ ಬಾಳುತ್ತಾರೆ. ಅಂಥ ಗಳಿಗೆಯಲ್ಲಿ ಡಬ್ಬಿ ಕೈಗೆ ಸಿಗದಿದ್ದರೆ ಅದೇ ಒಂದು ಚಿಕಿತ್ಸೆ. ಹಾಸಿಗೆಯ ಕೆಳಗೆ, ಅಡುಗೆಮನೆಯ ಅಟ್ಟದಲ್ಲಿ ಇರುವ ಕೀಟನಾಶಕವನ್ನು ಇಂದೇ ತೆಗೆದು ಮನೆಯ ಹೊರಗೆ ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ. ನೀರಿನ ಬಾಟಲಿಗೆ ಸುರಿದಿಟ್ಟದ್ದು ಇದ್ದರೆ ಅದನ್ನು ಮೊದಲು ಅಲ್ಲಿಂದ ತೆಗೆಯಿರಿ. ಬೀಗದ ಬೆಲೆ ಒಂದು ಡಬ್ಬಿ ಔಷಧಿಯ ಬೆಲೆಗಿಂತ ಕಡಿಮೆ.

ನೆನಪಿರಲಿ

* ಮೊದಲು ನಿಮ್ಮ ಸುರಕ್ಷತೆ. ಆಮೇಲೆ ರೋಗಿಯ ಉಸಿರು.
* ಕೂಡಲೇ 108ಕ್ಕೆ ಕರೆ ಮಾಡಿ. ಕರ್ನಾಟಕದಲ್ಲಿ 2008ರ ನವೆಂಬರ್ 1ರಿಂದ ಇರುವ ಈ ಆಂಬುಲೆನ್ಸ್ ಸೇವೆ ಉಚಿತ. ತಡವಾಗುವಂತಿದ್ದರೆ ಸಿಕ್ಕ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಹೊರಡಿ.
* ವಾಂತಿ ಮಾಡಿಸಬೇಡಿ. ವೈದ್ಯರು ಹೇಳದೆ ಬಾಯಿಗೆ ಏನನ್ನೂ ಕೊಡಬೇಡಿ.
* ಎಡಮಗ್ಗುಲಿಗೆ ಮಲಗಿಸಿ.
* ಮೈಗೆ ತಾಗಿದ್ದರೆ ಬಟ್ಟೆ ಬಿಚ್ಚಿ, ಸೋಪು ಹಚ್ಚಿ ತೊಳೆಯಿರಿ. ಕಣ್ಣಿಗೆ 20 ನಿಮಿಷ ನೀರು.
* ವಿಷದ ಡಬ್ಬಿ, ಮಾತ್ರೆಯ ಪಟ್ಟಿ ಜೊತೆಗಿರಲಿ.
* ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ: 1800 116 117.
* ಮನಸ್ಸು ಕುಸಿದಾಗ ಮಾತನಾಡಲು ಟೆಲಿ ಮನಸ್: 14416. ಕನ್ನಡದಲ್ಲೇ ಮಾತನಾಡಬಹುದು.